ಕರಾವಳಿಯ ಸಣ್ಣ ತೆಂಗು ಬೆಳೆಗಾರ ಮತ್ತು ಮಾರುಕಟ್ಟೆ

2025ರ ಮಳೆಗಾಲದಲ್ಲಿ ಭಾನುವಾರದ ಬಲಿಪೂಜೆ ಮುಗಿಸಿ ಇಗರ್ಜಿಯ ಅಂಗಳದಲ್ಲಿ ನಿಂತವರ ಮಾತಿನಲ್ಲಿ ತೆಂಗಿನಕಾಯಿಯ ಧಾರಣೆ ಬಾರದೆ ಇರುತ್ತಿರಲಿಲ್ಲ. ಮಂಗಳೂರಿನಲ್ಲಿ ಸುಲಿದ ಕಾಯಿ ಕಿಲೋಗೆ 60 ರೂಪಾಯಿ ದಾಟಿತ್ತು. ಎರಡೇ ವರ್ಷಗಳ ಹಿಂದೆ, 2023ರಲ್ಲಿ, ಅದೇ ಕಾಯಿಯನ್ನು 30 ರೂಪಾಯಿಗೂ ಕೇಳುವವರಿರಲಿಲ್ಲ. ಪೇಟೆಯಲ್ಲಿ ಕಾಯಿ ಕೊಂಡು ಅಡುಗೆ ಮಾಡುವವರು, ತೋಟ ಇದ್ದವರಿಗೆ ಈಗ ಸುಗ್ಗಿ ಎಂದುಕೊಂಡರು. ಆದರೆ ಮನೆಭೇಟಿಗೆ ಹೋದಾಗ ತೋಟವಿದ್ದವರು ಹೇಳಿದ್ದು ಬೇರೆ ಮಾತು: "ಫಾದರ್, ರೇಟು ಬಂದಾಗ ಮರದಲ್ಲಿ ಕಾಯಿ ಇಲ್ಲ. ಕಾಯಿ ಇದ್ದಾಗ ರೇಟು ಇಲ್ಲ."

ಈ ಮಾತು ಬರೀ ಗೊಣಗಾಟವಲ್ಲ. ತೆಂಗಿನ ಧಾರಣೆ ಏರಿಳಿಯುವುದು ಹೊಸದಲ್ಲ. ಏರಿದ್ದರ ಲಾಭ ಸಣ್ಣ ಬೆಳೆಗಾರನ ಮನೆಗೆ ಯಾಕೆ ಪೂರ್ತಿ ಬಂದು ಮುಟ್ಟುವುದಿಲ್ಲ, ಇಳಿದಾಗ ಸರ್ಕಾರ ಕೊಡುವ ಆಸರೆ ಅವನನ್ನು ಯಾಕೆ ದಾಟಿ ಹೋಗುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ನಮ್ಮ ಧರ್ಮಕೇಂದ್ರಗಳಲ್ಲಿ ಸ್ವಸಹಾಯ ಸಂಘ, ರೈತ ಕೂಟಗಳನ್ನು ನಡೆಸುವವರಿಗೆ ಅಗತ್ಯ. ಆ ಉದ್ದೇಶದಿಂದ ಈ ಲೇಖನ.

ಸಣ್ಣ ಬೆಳೆಗಾರ ಎಂದರೆ ಯಾರು?

ಒಂದು ಎಕರೆಯಲ್ಲಿ ಸರಿಯಾದ ಅಂತರ ಬಿಟ್ಟು ನೆಟ್ಟರೆ ಸುಮಾರು 70 ತೆಂಗಿನ ಮರಗಳು ಹಿಡಿಯುತ್ತವೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಬಹುಪಾಲು ಮನೆಗಳಲ್ಲಿ ಅಷ್ಟೂ ಇಲ್ಲ. ಮನೆಯ ಸುತ್ತ ಹತ್ತು, ಗದ್ದೆಯ ಬದುವಿನಲ್ಲಿ ಹದಿನೈದು, ಅಡಿಕೆಯ ನಡುವೆ ಮತ್ತೊಂದಿಷ್ಟು. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಒಕ್ಕಲುಗಳಿಗೆ ಭೂಮಿ ಸ್ವಂತವಾಯಿತು. ನಮ್ಮ ಜನರಲ್ಲಿ ಅನೇಕರ ತೋಟ ಹುಟ್ಟಿದ್ದು ಆಗಲೇ. ಆ ಹಿರಿಯರು ನೆಟ್ಟ ಎತ್ತರದ ತಳಿಯ ಮರಗಳಿಗೆ ಈಗ ಐವತ್ತು ವರ್ಷ ಆಯಿತು, ಭೂಮಿ ಮಾತ್ರ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಂಚಿ ಹೋಯಿತು. ಮಕ್ಕಳು ಮುಂಬೈಯಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದಾರೆ. ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ತಂದೆ ತಾಯಿ.

ಇಂಥ ಮನೆಗಳಲ್ಲಿ ಕಾಯಿಯ ಹಣ ದೊಡ್ಡ ಆದಾಯವಲ್ಲ, ಆದರೆ ಯಾರ ಮುಂದೆಯೂ ಕೈಚಾಚದೆ ಬರುವ ಹಣ. ವಿದ್ಯುತ್ ಬಿಲ್ಲು, ಬಿಪಿ ಮಾತ್ರೆ, ಅಂಗಡಿಯ ಲೆಕ್ಕ ಇದರಲ್ಲಿ ತೀರುತ್ತದೆ. ಆದ್ದರಿಂದಲೇ ಅದು ಕೈತಪ್ಪಿದರೆ ತಕ್ಷಣ ಗೊತ್ತಾಗುತ್ತದೆ.

ಮರ ಹತ್ತುವವರು ಇಲ್ಲದೆ ಮಾರುಕಟ್ಟೆ ಇಲ್ಲ

ತೆಂಗಿನ ಮಾರುಕಟ್ಟೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮಂಡಿಯಿಂದ ಶುರು ಮಾಡುತ್ತಾರೆ. ನಮ್ಮ ಕಡೆ ಮೊದಲ ತೊಡಕು ಇರುವುದು ಮರದ ಬುಡದಲ್ಲೇ. ಹೂಗೊನೆ ಬಿಚ್ಚಿದ ಮೇಲೆ ಕಾಯಿ ಬಲಿಯಲು ಸುಮಾರು ಹನ್ನೆರಡು ತಿಂಗಳು ಬೇಕು. ತಿಂಗಳಿಗೊಂದರಂತೆ ಗೊನೆ ಬರುವುದರಿಂದ 45ರಿಂದ 60 ದಿನಕ್ಕೊಮ್ಮೆ ಕಾಯಿ ತೆಗೆಸುವುದು ಕ್ರಮ. ಈಗ ಹಾಗೆ ತೆಗೆಸುವ ಮನೆಗಳು ಎಷ್ಟಿವೆ? ಮರ ಹತ್ತುವ ಕೆಲಸ ಮಾಡುತ್ತಿದ್ದ ಮನೆತನಗಳ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು. ಅದು ಒಳ್ಳೆಯದೇ. ಬಿದ್ದು ಸೊಂಟ ಮುರಿದುಕೊಂಡವರನ್ನು ನೋಡಿದ ಯಾವ ತಾಯಿಯೂ ಮಗನನ್ನು ಮರಕ್ಕೆ ಹತ್ತಿಸಲು ಇಷ್ಟಪಡುವುದಿಲ್ಲ.

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಸ್ನೇಹಿತರು' ಎಂಬ ತರಬೇತಿಯನ್ನು ಆರಂಭಿಸಿತು. ಕೇರಳದ ಕಣ್ಣೂರು ಜಿಲ್ಲೆಯ ರೈತರೊಬ್ಬರು ರೂಪಿಸಿದ, ಚೆಂಬೇರಿ ಮಾದರಿ ಎಂದು ಹೆಸರಾದ ಮರ ಹತ್ತುವ ಯಂತ್ರವನ್ನು ಬಳಸಲು ಯುವಕರಿಗೂ ಮಹಿಳೆಯರಿಗೂ ಕಲಿಸಲಾಯಿತು. ಹತ್ತುವವರಿಗಾಗಿ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆಯೂ ಬಂತು. ತರಬೇತಿ ಪಡೆದವರು ಅನೇಕರಿದ್ದರೂ ಚದುರಿದ ಇಪ್ಪತ್ತು ಮರಕ್ಕಾಗಿ ದೂರದಿಂದ ಬರುವುದು ಅವರಿಗೂ ಗಿಟ್ಟುವುದಿಲ್ಲ. ಕೊನೆಗೆ ವರ್ಷಕ್ಕೆ ಆರು ಬಾರಿ ಆಗಬೇಕಾದ ಕೊಯ್ಲು ಮೂರಕ್ಕೆ ಇಳಿಯುತ್ತದೆ, ಇಲ್ಲವೇ ಕಾಯಿ ತಾನಾಗಿ ಬೀಳುವುದನ್ನು ಕಾಯುವುದಾಗುತ್ತದೆ. ಬಿದ್ದ ಕಾಯಿಯಲ್ಲಿ ಕೆಲವು ಮೊಳೆತಿರುತ್ತವೆ, ಕೆಲವು ಒಡೆದಿರುತ್ತವೆ. ಮಂಗಗಳ ಪಾಲಿಗೆ ಹೋದದ್ದು ಬೇರೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. 40 ಮರಗಳ ಒಂದು ಮನೆ, ಮರಕ್ಕೆ ವರ್ಷಕ್ಕೆ 60 ಕಾಯಿ, ವರ್ಷಕ್ಕೆ ಆರು ಕೊಯ್ಲು ಎಂದು ಇಟ್ಟುಕೊಳ್ಳಿ. ಒಂದು ಕೊಯ್ಲಿಗೆ 400 ಕಾಯಿ. ಸುಲಿದ ಮೇಲೆ ಕಾಯಿ ಅರ್ಧ ಕಿಲೋ ತೂಗಿದರೆ 200 ಕಿಲೋ. ಧಾರಣೆ 28 ರೂಪಾಯಿ ಇದ್ದಾಗ ಬರುವುದು 5,600 ರೂಪಾಯಿ. ಮರಕ್ಕೆ 50 ರೂಪಾಯಿಯಂತೆ ಹತ್ತಿದವರಿಗೆ 2,000, ಕಾಯಿಗೆ ಒಂದೂವರೆ ರೂಪಾಯಿಯಂತೆ ಸುಲಿದವರಿಗೆ 600, ರಿಕ್ಷಾ ಟೆಂಪೋಗೆ 400 ಕೊಟ್ಟರೆ ಮನೆಗೆ ಉಳಿಯುವುದು 2,600. ಗೊಬ್ಬರ, ನೀರು, ಬುಡ ಬಿಡಿಸಿದ ಕೂಲಿ ಇದರಲ್ಲಿ ಸೇರಿಲ್ಲ. ಅದೇ ಕಾಯಿಗೆ 60 ರೂಪಾಯಿ ಸಿಕ್ಕರೆ ಬರುವುದು 12,000, ಉಳಿಯುವುದು 9,000. ಧಾರಣೆ ಎರಡು ಪಟ್ಟು ಆದಾಗ ಉಳಿತಾಯ ಮೂರು ಪಟ್ಟಿಗಿಂತ ಹೆಚ್ಚು. ಇಳಿಯುವಾಗಲೂ ಇದೇ ಲೆಕ್ಕ ಹಿಂದುಮುಂದಾಗಿ ಕೆಲಸ ಮಾಡುತ್ತದೆ. ಖರ್ಚು ಇಳಿಯುವುದಿಲ್ಲವಾದ್ದರಿಂದ ಧಾರಣೆಯ ಇಳಿತವೆಲ್ಲ ಬೆಳೆಗಾರನ ಪಾಲಿಗೇ ಬರುತ್ತದೆ. ಹತ್ತುವವರ ಕೂಲಿ ಮರದ ಲೆಕ್ಕದಲ್ಲಿ ಇರುವುದರಿಂದ ಕಾಯಿ ಕಡಿಮೆ ಬಿಟ್ಟ ವರ್ಷ ಪೆಟ್ಟು ಇನ್ನೂ ಹೆಚ್ಚು.

ಅಂಗಡಿಯ ತಕ್ಕಡಿ

ಹಿಂದೆ ನಮ್ಮಲ್ಲಿ ಕಾಯಿ ಎಣಿಕೆಯಲ್ಲಿ ಹೋಗುತ್ತಿತ್ತು. ನೂರು ಎಣಿಸುವಾಗ ಮೇಲಿಂದ ಒಂದೆರಡು ಹೆಚ್ಚು ಬಿಡುವುದು, ಸಣ್ಣ ಕಾಯಿಯನ್ನು ಎರಡಕ್ಕೆ ಒಂದರಂತೆ ಎಣಿಸುವುದು ರೂಢಿ. ಈಗ ಹೆಚ್ಚಿನ ಕಡೆ ತೂಕ ಬಂದಿದೆ. 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ಹರಡಿದ ನುಸಿ ಪೀಡೆಯಿಂದ ಕಾಯಿಯ ಗಾತ್ರ ಕುಗ್ಗಿದ ಮೇಲೆ ಎಣಿಕೆಯ ವ್ಯಾಪಾರದಲ್ಲಿ ಜಗಳ ಹೆಚ್ಚಾಗಿತ್ತು. ತೂಕ ಬಂದದ್ದರಿಂದ ಆ ಮಟ್ಟಿಗೆ ನ್ಯಾಯ ಹೆಚ್ಚಾಯಿತು ಎಂದೇ ನನ್ನ ಅಭಿಪ್ರಾಯ. ಆದರೂ ಹಸಿ ಕಾಯಿ ಎಂದು, ಕೆಟ್ಟದ್ದು ಇರಬಹುದು ಎಂದು ಕಿಲೋಗಟ್ಟಲೆ ಕಡಿತ ಮಾಡುವ ಅಂಗಡಿಗಳಿವೆ. ಸುಲಿದ ಕಾಯಿ ಹೆಚ್ಚು ದಿನ ಇಟ್ಟರೆ ನೀರು ಆರಿ ತೂಕ ಇಳಿಯುತ್ತದೆ. ಆದ್ದರಿಂದ ಸುಲಿಸಿದ ಮೇಲೆ ಬೆಳೆಗಾರನಿಗೆ ಚೌಕಾಶಿ ಮಾಡಲು ಸಮಯವೂ ಇಲ್ಲ.

ಎಲ್ಲ ಅಂಗಡಿಯವರನ್ನೂ ದೂರುವುದು ಸರಿಯಲ್ಲ. ಮನೆಯಲ್ಲಿ ಕಾಯಿಲೆಯಾದಾಗ, ಮಗಳ ಮದುವೆ ಬಂದಾಗ ಮುಂಗಡ ಕೊಟ್ಟವರು ಅವರೇ. ನನ್ನ ತಂದೆಯವರು ಒಬ್ಬನೇ ವ್ಯಾಪಾರಿಗೆ ಇಪ್ಪತ್ತು ವರ್ಷ ಕಾಯಿ ಕೊಟ್ಟರು. ಒಮ್ಮೆಯೂ ಧಾರಣೆ ಕೇಳಿದ್ದನ್ನು ನಾನು ನೋಡಲಿಲ್ಲ. ಕೇಳಿದರೆ ಮುಂದಿನ ಮುಂಗಡ ಸಿಗಲಿಕ್ಕಿಲ್ಲ ಎಂಬ ಅಂಜಿಕೆ ಇತ್ತೆಂದು ಅಮ್ಮ ಎಷ್ಟೋ ವರ್ಷಗಳ ನಂತರ ಹೇಳಿದರು. ಮುಂಗಡಕ್ಕೆ ಬಡ್ಡಿ ಬರೆಯುವುದಿಲ್ಲ. ಕಿಲೋಗೆ ಒಂದೆರಡು ರೂಪಾಯಿ ಕಡಿಮೆ ಧಾರಣೆಯಲ್ಲಿ ಅದು ಮುರಿದು ಹೋಗಿರುತ್ತದೆ.

ಉಡುಪಿ ಕಡೆಯ ಓದುಗರಿಗೆ ಶಂಕರಪುರ ಮಲ್ಲಿಗೆಯ ವ್ಯವಸ್ಥೆ ಗೊತ್ತು. ಪ್ರತಿದಿನ ಅಟ್ಟೆಗೆ ಇಷ್ಟು ಎಂದು ಧಾರಣೆ ನಿಗದಿಯಾಗುತ್ತದೆ, ಹೂ ಕಟ್ಟುವ ಮನೆಗಳಿಗೆಲ್ಲ ಅದು ತಿಳಿಯುತ್ತದೆ. ನಾಲ್ಕು ಗಿಡ ಇದ್ದವರೂ ಅದೇ ಧಾರಣೆ ಕೇಳುತ್ತಾರೆ. ಹಸಿ ತೆಂಗಿನಕಾಯಿಗೆ ನಮ್ಮಲ್ಲಿ ಅಂಥ ಎಲ್ಲರಿಗೂ ಒಪ್ಪಿತವಾದ ದಿನದ ಧಾರಣೆ ಬೆಳೆಯಲಿಲ್ಲ. ಪತ್ರಿಕೆಯಲ್ಲಿ ಬರುವುದು ಸಗಟು ಧಾರಣೆ. ಹಳ್ಳಿಯ ಅಂಗಡಿಯಲ್ಲಿ ಸಿಗುವುದು ಅದಕ್ಕಿಂತ ಕಡಿಮೆ, ಎಷ್ಟು ಕಡಿಮೆ ಎಂಬುದು ಅಂಗಡಿಯಿಂದ ಅಂಗಡಿಗೆ ಬೇರೆ. ಆ ಸಗಟು ಧಾರಣೆಯೂ ಇಲ್ಲಿ ಹುಟ್ಟುವುದಲ್ಲ. ಕೊಬ್ಬರಿ ಮತ್ತು ಎಣ್ಣೆಯ ವ್ಯಾಪಾರಕ್ಕೆ ಕೊಚ್ಚಿ ಹಾಗೂ ತಮಿಳುನಾಡಿನ ಕಾಂಗೇಯಂ ಕೇಂದ್ರಗಳು, ಉಂಡೆ ಕೊಬ್ಬರಿಗೆ ತಿಪಟೂರು. ಅಲ್ಲಿ ಏನಾಯಿತೆಂದು ವ್ಯಾಪಾರಿಗೆ ಬೆಳಿಗ್ಗೆಯೇ ಫೋನಿನಲ್ಲಿ ಗೊತ್ತಾಗುತ್ತದೆ.

ಋತುಮಾನದ ಪೆಟ್ಟೂ ಇದೆ. ನಮ್ಮ ಮರಗಳಲ್ಲಿ ಹೆಚ್ಚು ಕಾಯಿ ಸಿಗುವುದು ಬೇಸಿಗೆಯಲ್ಲಿ. ಆಗ ಎಲ್ಲರ ಮನೆಯಲ್ಲೂ ರಾಶಿ. ಚೌತಿ, ತೆನೆ ಹಬ್ಬ, ನವರಾತ್ರಿಗೆ ಬೇಡಿಕೆ ಏರುವ ಹೊತ್ತಿಗೆ ಮಳೆಯಿಂದ ಮರ ಜಾರುತ್ತಿರುತ್ತದೆ, ಹತ್ತುವವರು ಬರುವುದಿಲ್ಲ. ರೋಸ್ ಶಾಸ್ತ್ರಕ್ಕೆ ಹಾಲು ತೆಗೆಯಲು ಅಂಗಡಿಯಿಂದ ಕಾಯಿ ತಂದ ತೋಟದ ಮನೆಗಳನ್ನು ನಾನು ಕಂಡಿದ್ದೇನೆ.

ಬೆಂಬಲ ಬೆಲೆ ಇದೆ, ಆದರೆ ಕಾಯಿಗೆ ಅಲ್ಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಧಾರಣೆ ಬಿದ್ದಾಗಲೆಲ್ಲ "ಸರ್ಕಾರ ಬೆಂಬಲ ಬೆಲೆ ಕೊಡುತ್ತದಲ್ಲ" ಎಂದು ಹೇಳುವವರಿದ್ದಾರೆ. ಕೊಡುತ್ತದೆ. ಆದರೆ ಕೇಂದ್ರ ಸರ್ಕಾರ ಪ್ರತಿವರ್ಷ ಘೋಷಿಸಿ ಖರೀದಿಗೆ ಇಳಿಯುವುದು ಕೊಬ್ಬರಿಗೆ ಮಾತ್ರ. ಅದರಲ್ಲಿ ಎರಡು ವಿಧ: ಎಣ್ಣೆ ತೆಗೆಯುವ ಮಿಲ್ಲಿಂಗ್ ಕೊಬ್ಬರಿ ಮತ್ತು ತಿನ್ನುವ ಉಂಡೆ ಕೊಬ್ಬರಿ. ಕ್ವಿಂಟಾಲಿಗೆ 2023ರಲ್ಲಿ ಮಿಲ್ಲಿಂಗ್ ಕೊಬ್ಬರಿಗೆ 10,860, ಉಂಡೆ ಕೊಬ್ಬರಿಗೆ 11,750 ರೂಪಾಯಿ ಇತ್ತು. 2024ರಲ್ಲಿ 11,160 ಮತ್ತು 12,000. 2025ರ ಹಂಗಾಮಿಗೆ 11,582 ಮತ್ತು 12,100. ನಾಫೆಡ್ ಮತ್ತು ಎನ್‌ಸಿಸಿಎಫ್ ಇದರ ಕೇಂದ್ರ ಖರೀದಿ ಸಂಸ್ಥೆಗಳು.

ಸುಲಿದ ಬಲಿತ ಕಾಯಿಗೂ ಇದೇ ಆಧಾರದಲ್ಲಿ ಕೇಂದ್ರ ಒಂದು ಬೆಲೆ ನಿಗದಿ ಮಾಡುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ. 2023ರಲ್ಲಿ ಅದು ಕ್ವಿಂಟಾಲಿಗೆ 2,930 ರೂಪಾಯಿ, ಅಂದರೆ ಕಿಲೋಗೆ 29 ರೂಪಾಯಿ 30 ಪೈಸೆ ಇತ್ತು. ಮೇಲಿನ ಲೆಕ್ಕದಲ್ಲಿ ನಾವು ಇಟ್ಟುಕೊಂಡ 28 ರೂಪಾಯಿ ಅದಕ್ಕಿಂತ ಕೆಳಗೆ. ಆದರೆ ಆ ಬೆಲೆಗೆ ಕಾಯಿ ಕೊಳ್ಳುವ ಕೇಂದ್ರ ನಮ್ಮ ಹಳ್ಳಿಗಳಲ್ಲಿ ತೆರೆಯಲಿಲ್ಲ. ಕಾಗದದ ಮೇಲಿನ ಬೆಲೆ ಕಾಗದದಲ್ಲೇ ಉಳಿಯಿತು. ಪಕ್ಕದ ಕೇರಳ ಸರ್ಕಾರ ಮಾತ್ರ ಅದೇ 2023ರಲ್ಲಿ ಹಸಿ ಕಾಯಿಯನ್ನೇ ಕಿಲೋಗೆ 34 ರೂಪಾಯಿಯಂತೆ ಕೊಳ್ಳುವ ಯೋಜನೆ ನಡೆಸಿತ್ತು. ಅಲ್ಲಿಯೂ ಖರೀದಿ ಕೇಂದ್ರಗಳು ಕಡಿಮೆ, ಹಣ ತಡ ಎಂಬ ದೂರುಗಳಿದ್ದವು. ಆದರೂ ತಲಪಾಡಿಯ ಆಚೆಗಿನ ಮಂಜೇಶ್ವರದ ಕನ್ನಡಿಗ ರೈತನಿಗೆ ಕೇಳಲು ಒಂದು ಬೆಲೆ ಇತ್ತು. ಈಚೆ ಉಳ್ಳಾಲದವನಿಗೆ ಅದೂ ಇರಲಿಲ್ಲ.

ಕರ್ನಾಟಕದಲ್ಲಿ ಬೆಂಬಲ ಬೆಲೆಯ ಖರೀದಿ ನಡೆದದ್ದು ಮುಖ್ಯವಾಗಿ ತುಮಕೂರು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ಮಂಡ್ಯ ಮೊದಲಾದ ಜಿಲ್ಲೆಗಳಲ್ಲಿ, ಅದೂ ಉಂಡೆ ಕೊಬ್ಬರಿಯದ್ದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಎಂಟರಿಂದ ಹನ್ನೆರಡು ತಿಂಗಳು ಅಟ್ಟದಲ್ಲಿ ಇಟ್ಟು, ಒಳಗಿನ ತಿರುಳು ಗೆರಟೆಯಿಂದ ಬಿಟ್ಟು ಗುಡುಗುಡು ಸದ್ದು ಮಾಡುವಾಗ ಒಡೆದರೆ ಉಂಡೆ ಕೊಬ್ಬರಿ ಸಿಗುತ್ತದೆ. ಬಯಲುಸೀಮೆಯ ಒಣ ಹವೆಗೆ ಹೇಳಿಸಿದ ಪದ್ಧತಿ ಅದು. ತಿಪಟೂರಿನ ರೈತ ಧಾರಣೆ ನೋಡಿ ಅಟ್ಟದಿಂದ ಇಳಿಸಬಹುದು. ಹಾಗೆಂದು ಅವರ ಸ್ಥಿತಿ ಸುಖದ್ದೇನಲ್ಲ. 2023ರಲ್ಲಿ ತಿಪಟೂರಿನ ಹರಾಜಿನಲ್ಲಿ ಉಂಡೆ ಕೊಬ್ಬರಿ ಕ್ವಿಂಟಾಲಿಗೆ 8,000 ರೂಪಾಯಿಯ ಆಸುಪಾಸಿಗೆ ಇಳಿದು, ಬೆಂಬಲ ಬೆಲೆಗಿಂತ ಮೂರು ಸಾವಿರಕ್ಕೂ ಹೆಚ್ಚು ಕೆಳಗಿತ್ತು. ರೈತರು ಬೀದಿಗಿಳಿದರು. 2024ರಲ್ಲಿ ರಾಜ್ಯ ಸರ್ಕಾರ ಕ್ವಿಂಟಾಲಿಗೆ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತು. ಅಂಥ ಹೋರಾಟ ಸಾಧ್ಯವಾದದ್ದು ಅಲ್ಲಿ ಎಲ್ಲರೂ ಒಂದೇ ಸರಕನ್ನು ಒಂದೇ ಮಾರುಕಟ್ಟೆಗೆ ತರುವುದರಿಂದ. 2025ರಲ್ಲಿ ಅದೇ ತಿಪಟೂರಿನಲ್ಲಿ ಕೊಬ್ಬರಿ 25,000 ರೂಪಾಯಿ ದಾಟಿದಾಗ ಅಟ್ಟದಲ್ಲಿ ಕಾಯಿ ಉಳಿಸಿಕೊಂಡವರಿಗೆ ಮಾತ್ರ ಲಾಭವಾಯಿತು.

ಕರಾವಳಿಯ ಬೆಳೆಗಾರ ಹಸಿ ಕಾಯಿ ಮಾರುವವನು. ಕೊಬ್ಬರಿಯ ಬೆಂಬಲ ಬೆಲೆ ಹೆಚ್ಚಾದರೆ ಅದರ ಗಾಳಿ ಹಸಿ ಕಾಯಿಗೂ ತಗಲಬೇಕು ಎಂಬುದು ಸರ್ಕಾರದ ಲೆಕ್ಕಾಚಾರ. ಆದರೆ ಕೊಬ್ಬರಿ ಖರೀದಿಯೇ ತಡವಾಗಿ ಆರಂಭವಾಗಿ, ಒಟ್ಟು ಉತ್ಪಾದನೆಯ ಕಾಲುಭಾಗದ ಮಿತಿಯೊಳಗೆ, ಕೆಲವು ತಿಂಗಳಲ್ಲಿ ಮುಗಿದು ಹೋಗುವಾಗ ಆ ಗಾಳಿ ಘಟ್ಟ ಇಳಿದು ಇಲ್ಲಿಗೆ ಬರುವುದಿಲ್ಲ.

ಹಾಗಾದರೆ ನಾವೇ ಕೊಬ್ಬರಿ ಮಾಡಬಾರದೇ?

ಸಭೆಗಳಲ್ಲಿ ಅಧಿಕಾರಿಗಳು ಹೇಳುವ ಮಾತು ಇದು. ಮೌಲ್ಯವರ್ಧನೆ ಎಂಬ ಶಬ್ದ ಕೇಳದ ರೈತ ಈಗ ಇಲ್ಲ. ಅದನ್ನೂ ಲೆಕ್ಕದಲ್ಲೇ ನೋಡೋಣ. ಒಂದು ಕಾಯಿಗೆ ಸರಾಸರಿ 140 ಗ್ರಾಂ ಕೊಬ್ಬರಿ ಎಂದರೆ ನಮ್ಮ 400 ಕಾಯಿಯಿಂದ 56 ಕಿಲೋ. 2023ರ ಮಿಲ್ಲಿಂಗ್ ಕೊಬ್ಬರಿಯ ಬೆಂಬಲ ಬೆಲೆ ಪೂರ್ತಿ ಸಿಕ್ಕಿತೆಂದೇ ಇಟ್ಟುಕೊಂಡರೂ 6,081 ರೂಪಾಯಿ. ಹಸಿ ಕಾಯಿ ಮಾರಿದ್ದರೆ 5,600. ಕಾಯಿ ಒಡೆದು, ಐದಾರು ದಿನ ಬಿಸಿಲಿಗೆ ಹಾಕಿ, ಕಾಗೆ ನಾಯಿಗಳಿಂದ ಕಾದು, ಸಂಜೆ ಒಳಗೆ ತಂದು, ತಿರುಳು ಬಿಡಿಸಿದ ಕೆಲಸಕ್ಕೆ ಸಿಗುವ ಹೆಚ್ಚುವರಿ 480 ರೂಪಾಯಿ ಚಿಲ್ಲರೆ, ಜೊತೆಗೆ ಗೆರಟೆ. ಎಪ್ಪತ್ತು ವರ್ಷದ ಹೆಂಗಸೊಬ್ಬರು "ಇದಕ್ಕಿಂತ ಅಂಗಡಿಗೆ ಕೊಟ್ಟು ಸುಮ್ಮನೆ ಇರುವುದು ಲೇಸು" ಎಂದರೆ ಅವರನ್ನು ಸೋಮಾರಿ ಎನ್ನಲಾಗದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಾತೂ ಇಲ್ಲ. ಹಸಿ ತಿರುಳಿನಲ್ಲಿ ಸುಮಾರು ಅರ್ಧದಷ್ಟು ನೀರು. ಅದು ನೂರಕ್ಕೆ ಆರಕ್ಕೆ ಇಳಿಯದಿದ್ದರೆ ಕೊಬ್ಬರಿಗೆ ಬೂಷ್ಟು ಹಿಡಿಯುತ್ತದೆ. ನಮ್ಮ ಮಳೆಯಲ್ಲಿ ಅದು ಅಂಗಳದಲ್ಲಿ ಆಗುವ ಕೆಲಸವಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿದರೆ ಬಣ್ಣ ಕಪ್ಪಾಗಿ ಧಾರಣೆ ಬೀಳುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಗೆರಟೆಯನ್ನೇ ಉರುವಲಾಗಿ ಬಳಸಿ, ಹೊಗೆ ತಾಗದಂತೆ ಒಣಗಿಸುವ ಡ್ರೈಯರುಗಳನ್ನು ರೂಪಿಸಿದೆ. ಸಣ್ಣ ಹಿಡುವಳಿಗೆ ಹೊಂದುವ ಗಾತ್ರವೂ ಇದೆ. ಮೂರು ತಿಂಗಳಿಗೊಮ್ಮೆ ಒಂದು ದಿನ ಬಳಸಲು ಒಂದು ಮನೆಯವರು ಅದನ್ನು ಕೊಳ್ಳುವುದು ವ್ಯರ್ಥ. ಹತ್ತು ಹದಿನೈದು ಮನೆಯವರು ಸೇರಿದರೆ ಮಾತು ಬೇರೆ.

ಎಣ್ಣೆಯ ದಾರಿ ಸ್ವಲ್ಪ ಹೆಚ್ಚು ಭರವಸೆಯದು. ಒಳ್ಳೆಯ ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಎಣ್ಣೆ ಇರುತ್ತದೆ. 56 ಕಿಲೋದಿಂದ ಸುಮಾರು 34 ಕಿಲೋ ಎಣ್ಣೆ, ಉಳಿದದ್ದು ಹಸುವಿಗೆ ಹಿಂಡಿ. ಕಲಬೆರಕೆಯ ಭಯ ಇರುವುದರಿಂದ ಗೊತ್ತಿದ್ದವರ ಗಾಣದ ಎಣ್ಣೆಗೆ ನಮ್ಮ ಪೇಟೆಗಳಲ್ಲಿ ಗಿರಾಕಿಗಳಿದ್ದಾರೆ. ಆದರೆ ಒಂದು ಎಚ್ಚರಿಕೆ. ಬಿಡಿ ಎಣ್ಣೆಯನ್ನು ಹಳೆಯ ಬಾಟಲಿಗೆ ತುಂಬಿ ಮಾರುವುದಕ್ಕೆ ಆಹಾರ ಸುರಕ್ಷತಾ ನಿಯಮಗಳಲ್ಲಿ ಅವಕಾಶವಿಲ್ಲ. ನೋಂದಣಿ, ಮೊಹರು ಮಾಡಿದ ಪೊಟ್ಟಣ, ಚೀಟಿಯ ಮೇಲೆ ವಿವರ ಬೇಕು. ಸಂತೋಷದಿಂದ ಎಣ್ಣೆ ಮಾರಲು ಹೊರಟ ಮಹಿಳಾ ಸಂಘಗಳು ದಂಡದ ನೋಟೀಸು ಬಂದಾಗ ಕಲಿಯುವುದಕ್ಕಿಂತ ಮೊದಲೇ ತಿಳಿದಿರುವುದು ವಾಸಿ.

ಬೊಂಡಕ್ಕೆ ಬೇಡಿಕೆ ಹೆಚ್ಚಿದೆ, ಏಳೆಂಟು ತಿಂಗಳಿಗೇ ಹಣ ಬರುತ್ತದೆ, ಹೆಚ್ಚಾಗಿ ವ್ಯಾಪಾರಿಯೇ ಆಳು ತಂದು ಇಳಿಸುತ್ತಾನೆ. ಆದರೆ ಮದ್ದೂರಿನ ಎಳನೀರು ಮಾರುಕಟ್ಟೆಯಂತೆ ಲಾರಿಗಟ್ಟಲೆ ಸರಕು ಒಂದೆಡೆ ಸೇರುವ ವ್ಯವಸ್ಥೆ ಇಲ್ಲಿಲ್ಲ. ಬೊಂಡದ ಗೊನೆಯನ್ನು ಹಗ್ಗ ಕಟ್ಟಿ ಇಳಿಸಬೇಕು, ಎತ್ತರದ ಹಳೆಯ ಮರದಿಂದ ಅದು ಕಷ್ಟ. ಹೊಸದಾಗಿ ನೆಡುವವರು ಗಿಡ್ಡ ಅಥವಾ ಸಂಕರ ತಳಿಯ ನಾಲ್ಕು ಸಸಿ ಸೇರಿಸಿಕೊಳ್ಳುವುದು ಒಳ್ಳೆಯದು.

ದೂರದ ಕಾರಣಗಳು

ಧಾರಣೆ ಏರಲು ಇಳಿಯಲು ನಮ್ಮ ಊರಿನಲ್ಲಿ ಏನೂ ಆಗಬೇಕಿಲ್ಲ. ಮಲೇಷ್ಯಾ, ಇಂಡೋನೇಷ್ಯಾಗಳಿಂದ ಬರುವ ತಾಳೆ ಎಣ್ಣೆ ಅಗ್ಗವಾದರೆ ಅಡುಗೆಗೂ ಸಾಬೂನಿಗೂ ತೆಂಗಿನೆಣ್ಣೆಯ ಬದಲು ಅದನ್ನೇ ಕೊಳ್ಳುತ್ತಾರೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ಖಾದ್ಯ ತೈಲದ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ನೂರಕ್ಕೆ 20ಕ್ಕೆ ಏರಿಸಿತು. 2025ರ ಮೇ ಕೊನೆಯಲ್ಲಿ ಅದನ್ನು 10ಕ್ಕೆ ಇಳಿಸಿತು. ಗ್ರಾಹಕನ ಹಿತಕ್ಕಾಗಿ ಮಾಡಿದ್ದೇ ಆದರೂ ಅದರ ಭಾರ ಹೊರುವವರಲ್ಲಿ ತೆಂಗು ಬೆಳೆಗಾರನೂ ಒಬ್ಬ.

2025ರ ಏರಿಕೆಗೆ ದೊಡ್ಡ ಕಾರಣ ಕಾಯಿಯ ಕೊರತೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ತೆಂಗಿನ ಮರ ಬರದ ಏಟನ್ನು ಆ ವರ್ಷವೇ ಪೂರ್ತಿ ತೋರಿಸುವುದಿಲ್ಲ, ಮುಂದಿನ ಒಂದೆರಡು ವರ್ಷಗಳ ಗೊನೆಗಳಲ್ಲಿ ತೋರಿಸುತ್ತದೆ. 2016ರಲ್ಲಿ ತಮಿಳುನಾಡಿನಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣವೂ ಮರಗಳನ್ನು ಸೊರಗಿಸಿದೆ. ಬೊಂಡಕ್ಕಾಗಿ ಎಳೆಯದರಲ್ಲೇ ಇಳಿಸಿದ್ದೂ ಸೇರಿ ಬಲಿತ ಕಾಯಿ ಕಡಿಮೆಯಾಯಿತು. ಕಾಯಿ ಇಲ್ಲದ್ದರಿಂದ ಬಂದ ಧಾರಣೆಯಿಂದ ಕಾಯಿ ಇಲ್ಲದವನಿಗೆ ಏನು ಸಿಕ್ಕೀತು?

ಸೇರಿ ಮಾರುವುದರ ಕಷ್ಟ ಸುಖ

ಅಡಿಕೆಯ ಕಥೆ ನಮ್ಮ ಕಣ್ಣ ಮುಂದೆಯೇ ಇದೆ. ಧಾರಣೆ ನೆಲಕಚ್ಚಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಕೇರಳದ ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಎಲ್ಲ ಅಡಿಕೆಯನ್ನೂ ಅದು ಕೊಳ್ಳುವುದಿಲ್ಲ, ಕೊಳ್ಳಬೇಕಾಗಿಯೂ ಇಲ್ಲ. ಇಂದಿನ ಧಾರಣೆ ಇಷ್ಟು ಎಂದು ಅದು ಹೇಳಿದರೆ ಖಾಸಗಿ ವ್ಯಾಪಾರಿ ಅದಕ್ಕಿಂತ ಬಹಳ ಕೆಳಗೆ ಹೋಗಲಾರ. ಒಣ ಅಡಿಕೆಯನ್ನು ಒಂದೆರಡು ವರ್ಷ ಇಡಬಹುದು ಎಂಬುದೂ ಅದರ ಬಲ. ಹಸಿ ತೆಂಗಿನಕಾಯಿಗೆ ಈ ಎರಡೂ ಇಲ್ಲ.

ತೆಂಗು ಅಭಿವೃದ್ಧಿ ಮಂಡಳಿ ಮೂರು ಹಂತಗಳ ಸಂಘಟನೆಗೆ ದಾರಿ ತೋರಿಸಿತ್ತು: ಅಕ್ಕಪಕ್ಕದ 40ರಿಂದ 100 ಬೆಳೆಗಾರರ ಸೊಸೈಟಿ, ಅವುಗಳ ಒಕ್ಕೂಟ, ಅದರ ಮೇಲೆ ಉತ್ಪಾದಕರ ಕಂಪನಿ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ತಂದು, ಸದಸ್ಯರು ಹಾಕಿದ ಪಾಲಿಗೆ ಸಮನಾಗಿ ತಲಾ 2,000 ರೂಪಾಯಿವರೆಗೆ, ಸಂಸ್ಥೆಗೆ ಗರಿಷ್ಠ 15 ಲಕ್ಷ ಅನುದಾನವನ್ನೂ, ನಿರ್ವಹಣೆಗೆ ಮೂರು ವರ್ಷ ಸಹಾಯವನ್ನೂ ಇಟ್ಟಿತು. ಹೀಗೆ ಹುಟ್ಟಿದ ಸಂಸ್ಥೆಗಳಲ್ಲಿ ಕೆಲವು ಚೆನ್ನಾಗಿ ನಡೆದಿವೆ, ಹಲವು ಅನುದಾನ ಮುಗಿದ ಮೇಲೆ ಬಾಗಿಲು ಹಾಕಿವೆ. ನಾನು ಹತ್ತಿರದಿಂದ ನೋಡಿದ ಒಂದು ಗುಂಪು ನಿಂತುಹೋದದ್ದು ಬಹಳ ಸರಳ ಕಾರಣಕ್ಕೆ. ಕಾಯಿ ತೂಗಿದ ದಿನ ಹಣ ಕೊಡಲು ಅದರ ಬಳಿ ಹಣ ಇರಲಿಲ್ಲ. ಹದಿನೈದು ದಿನ ಬಿಟ್ಟು ಬನ್ನಿ ಎಂದರು. ಅಂಗಡಿಯವನು ಕಿಲೋಗೆ ಎರಡು ರೂಪಾಯಿ ಕಡಿಮೆ ಕೊಟ್ಟರೂ ಕೈಗೇ ಕೊಡುತ್ತಿದ್ದ. ಮೂರನೇ ಕೊಯ್ಲಿಗೆ ಸದಸ್ಯರೆಲ್ಲ ಅಂಗಡಿಗೆ ಮರಳಿದರು. ಆದ್ದರಿಂದ ಯಂತ್ರಕ್ಕೆ ಸಬ್ಸಿಡಿ ಹುಡುಕುವ ಮೊದಲು ಎರಡು ಕೊಯ್ಲಿಗೆ ಸಾಕಾಗುವ ಓಡಾಟದ ಹಣ ಕೂಡಿಸಿಕೊಳ್ಳಬೇಕು ಎಂಬುದು ನನ್ನ ಅನುಭವದ ಮಾತು.

ದೊಡ್ಡ ಸಂಸ್ಥೆಯೇ ಆಗಬೇಕೆಂದಿಲ್ಲ. ಒಂದು ವಾರ್ಡಿನ ಇಪ್ಪತ್ತು ಮನೆಯವರು ಒಂದೇ ವಾರದಲ್ಲಿ ಕಾಯಿ ತೆಗೆಸಲು ಒಪ್ಪಿದರೆ, ತರಬೇತಿ ಪಡೆದ ಹತ್ತುವವರು ಬರಲು ಒಪ್ಪುತ್ತಾರೆ, ಏಕೆಂದರೆ ಅವರಿಗೆ ನಾಲ್ಕೈದು ದಿನದ ಕೆಲಸ ಒಟ್ಟಿಗೆ ಸಿಗುತ್ತದೆ. ನಾಲ್ಕು ಟನ್ ಕಾಯಿ ಒಂದೆಡೆ ಸೇರಿದರೆ ಸಗಟು ವ್ಯಾಪಾರಿಯ ಲಾರಿಯೇ ಬರುತ್ತದೆ, ಮೂರು ಕಡೆ ಧಾರಣೆ ಕೇಳಬಹುದು. ತೂಕಕ್ಕೆ ನಮ್ಮದೇ ತಕ್ಕಡಿ ಇರಲಿ. ಕರೆಸಿದ ಹತ್ತುವವರಿಗೆ ಕೇರ ಸುರಕ್ಷಾ ವಿಮೆ ಇದೆಯೇ ಎಂದು ಕೇಳಿ, ಇಲ್ಲದಿದ್ದರೆ ಮಾಡಿಸಿಕೊಡುವುದು ಕರೆದವರ ಹೊಣೆ.

ಪಹಣಿಯ ವಿಚಾರ

ಕೊನೆಯದಾಗಿ ಕಾಗದಪತ್ರದ ಮಾತು. ಧಾರಣೆ ಮತ್ತೆ ಬಿದ್ದು ಸರ್ಕಾರ ಖರೀದಿ ಘೋಷಿಸಿದರೆ ನೋಂದಣಿಗೆ ರೈತನ ಫ್ರೂಟ್ಸ್ ಗುರುತಿನ ಸಂಖ್ಯೆ ಬೇಕು. ಅದು ಪಹಣಿಗೂ ಆಧಾರಿಗೂ ಹೊಂದಿಕೊಂಡಿರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ, ಅಥವಾ ವಿದೇಶದಲ್ಲಿರುವ ಅಣ್ಣ ತಮ್ಮಂದಿರ ಜಂಟಿ ಹೆಸರಿನಲ್ಲಿದೆ. ತೋಟ ನೋಡಿಕೊಳ್ಳುವ ವಿಧವೆ ಸೊಸೆಯ ಹೆಸರು ಎಲ್ಲಿಯೂ ಇಲ್ಲ. ಮಿಶ್ರ ತೋಟಗಳಲ್ಲಿ ಬೆಳೆಯ ಕಾಲಮಿನಲ್ಲಿ ಅಡಿಕೆ ಮಾತ್ರ ಬರೆದು ತೆಂಗು ಬಿಟ್ಟುಹೋಗಿರುವುದೂ ಉಂಟು. ನೋಂದಣಿ ಆರಂಭವಾದ ಮೇಲೆ ಇದನ್ನು ಸರಿಪಡಿಸಲು ಹೊರಟರೆ ಅವಧಿ ಮುಗಿದಿರುತ್ತದೆ.

ಧಾರಣೆ ಚೆನ್ನಾಗಿರುವ ಕಾಲದಲ್ಲೇ ಈ ಕೆಲಸ ಮುಗಿಸಿಕೊಳ್ಳಬೇಕು. ಪೌತಿ ಖಾತೆಗೆ ಗ್ರಾಮ ಆಡಳಿತಾಧಿಕಾರಿಯ ಕಚೇರಿ ಅಥವಾ ನಾಡಕಚೇರಿಯಲ್ಲಿ ವಿಚಾರಿಸಿ. ಫ್ರೂಟ್ಸ್ ಸಂಖ್ಯೆ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ಆಗುತ್ತದೆ. ಬೆಳೆ ಸಮೀಕ್ಷೆಯವರು ಬಂದಾಗ ಮನೆಯಲ್ಲಿ ಯಾರಾದರೂ ಇದ್ದು ತೆಂಗಿನ ಮರಗಳನ್ನು ಎಣಿಸಿ ತೋರಿಸಿ, ಬರೆದುಕೊಂಡದ್ದನ್ನು ಓದಿ ಹೇಳುವಂತೆ ಕೇಳಿ. ಒಂಟಿಯಾಗಿರುವ ಹಿರಿಯರ ಮನೆಗಳಿಗೆ ಈ ಕೆಲಸದಲ್ಲಿ ಜೊತೆಗೆ ಹೋಗಲು ಪ್ರತಿ ವಾರ್ಡಿನಿಂದ ಒಬ್ಬರನ್ನು ಗುರಿಕಾರರು ಈಗಲೇ ಗೊತ್ತುಮಾಡಿ ಇಟ್ಟರೆ ಅನುಕೂಲ.